ಮಾಮನ ಮಂಡಿಯ ಕಂಪ್ಯೂಟರ್‌ನಲ್ಲಿ ಎನಿಡೆಸ್ಕ್: ತಪಾಸಣೆಯ ದಿನಚರಿ

ನವೆಂಬರ್ 6, 2025, ಗುರುವಾರ, ರಾತ್ರಿ 9:20

ತಿಪಟೂರಿನಿಂದ ಮಾಮ ಫೋನ್ ಮಾಡಿದರು. "ಲೋ, ನನ್ನ ಕಂಪ್ಯೂಟರ್ ಒಳಗೆ ಯಾರೋ ಕೂತಿದಾನೆ ಕಣೋ. ನಾನು ಏನೂ ಓಪನ್ ಮಾಡಿಲ್ಲ, ಎನಿಡೆಸ್ಕ್ ಅಂತ ಒಳಗೆ ಓಡ್ತಾ ಇದೆ." ದನಿ ಸಣ್ಣಗೆ ನಡುಗುತ್ತಿತ್ತು. ಎನಿಡೆಸ್ಕ್ ಅಂದರೆ ದೂರದಿಂದ ಇನ್ನೊಬ್ಬರ ಕಂಪ್ಯೂಟರ್ ನೋಡಿ ನಡೆಸಲು ಬಳಸುವ ಪ್ರೋಗ್ರಾಂ.

ಮಾಮನದು ಕೊಬ್ಬರಿ ಮಂಡಿ. ಇರುವುದು ಒಂದೇ ಕಂಪ್ಯೂಟರ್. ಟ್ಯಾಲಿ ಲೆಕ್ಕ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್, ಜಿಎಸ್‌ಟಿ, ಬ್ಯಾಂಕಿನ ನೆಟ್‌ಬ್ಯಾಂಕಿಂಗ್ ಎಲ್ಲಾ ಅದರಲ್ಲೇ. ಹಿಂದಿನ ವಾರ ಪಕ್ಕದ ಮಂಡಿಯವರಿಗೆ ಕೆವೈಸಿ ಹೆಸರಲ್ಲಿ ಕರೆ ಬಂದು, ಅವರ ಮೊಬೈಲಿಗೆ ಇಂಥದ್ದೇ ಒಂದು ಆ್ಯಪ್ ಹಾಕಿಸಿ ಖಾತೆಯಿಂದ ದುಡ್ಡು ಎಳೆದಿದ್ದರು. ಹಾಗಾಗಿ ಮಾಮ ಹೆದರಿದ್ದು ಸುಮ್ನೆ ಅಲ್ಲ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರು ಹೇಳಿಯೇ ಯುಪಿಐ ಮೋಸದ ಬಗ್ಗೆ ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದು ಎಂದಲ್ಲ. ಮೋಸಗಾರರು ಅದನ್ನೇ ಹಾಕಿಸಿಕೊಂಡು ಪರದೆ ನೋಡುತ್ತಿದ್ದರು.

ಇಲ್ಲಿ ನಾನು ಮೊದಲ ತಪ್ಪು ಮಾಡಿದೆ. "ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಮೇಲೆ ಕ್ಲಿಕ್ ಮಾಡಿ ಎಂಡ್ ಟಾಸ್ಕ್ ಒತ್ತಿ ಮಾಮ" ಎಂದೆ. ಅವರು ಒತ್ತಿದರು, ಸಾಲು ಮಾಯವಾಯಿತು, ಇಬ್ಬರಿಗೂ ಸಮಾಧಾನವಾಯಿತು. ಆದರೆ ಆ ಕ್ಷಣ ಆ ಪ್ರೋಗ್ರಾಂ ಯಾರ ಜೊತೆ ಸಂಪರ್ಕದಲ್ಲಿತ್ತು ಎಂದು ನೋಡುವ ಅವಕಾಶ ಕೈಬಿಟ್ಟು ಹೋಯಿತು. ಯಾರಾದರೂ ಒಳಗೆ ಇದ್ದಿದ್ದರೆ ಆ ಗುರುತು ನನ್ನ ಮಾತಿನಿಂದಲೇ ಅಳಿಸಿಹೋಗುತ್ತಿತ್ತು. ಮೊದಲು ಹೇಳಬೇಕಿದ್ದದ್ದು ಇಷ್ಟೇ: ಇಂಟರ್ನೆಟ್ ವೈರ್ ಕೀಳಿ, ಮತ್ತೇನೂ ಮುಟ್ಟಬೇಡಿ, ಪರದೆಯ ಫೋಟೋ ತೆಗೆದು ಕಳಿಸಿ.

ನವೆಂಬರ್ 7, ಶುಕ್ರವಾರ, ಬೆಳಗ್ಗೆ 10:05

ಮತ್ತೆ ಫೋನ್. "ಮತ್ತೆ ಬಂದಿದೆ ಕಣೋ! ಹೊಡೆದರೂ ಸಾಯಲ್ಲ ಇದು." ರಾತ್ರಿ ಕಂಪ್ಯೂಟರ್ ಆಫ್ ಮಾಡಿ ಬೆಳಗ್ಗೆ ಆನ್ ಮಾಡಿದ್ದರು, ಅದು ವಾಪಸ್ ಬಂದಿತ್ತು. ನಿನ್ನೆಗಿಂತ ಜಾಸ್ತಿ ಹೆದರಿದ್ದರು. ಇದಕ್ಕೂ ನಾನೇ ಕಾರಣ. ವಿಂಡೋಸ್ ಸರ್ವೀಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಓಡುವಂತೆ, ಕೂತಿರುವ ಪ್ರೋಗ್ರಾಂ ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೇ ಏಳುತ್ತದೆ, ವೈರಸ್ ಆಗಿರಲೇಬೇಕೆಂದಿಲ್ಲ. ನಿನ್ನೆಯೇ ಹೇಳಿದ್ದರೆ ಮಾಮ ಇಷ್ಟು ಹೆದರುತ್ತಿರಲಿಲ್ಲ.

ವೈರ್ ಕೀಳಿಸಿದೆ. ಮಧ್ಯಾಹ್ನ ಲಾರಿ ಹೊರಡಬೇಕಿತ್ತು, ಸರಕು 50,000 ರೂಪಾಯಿಗಿಂತ ಜಾಸ್ತಿ, ಇ-ವೇ ಬಿಲ್ ಆಗಲೇಬೇಕು. ಅದನ್ನು ಅತ್ತೆಯ ಮೊಬೈಲ್‌ನಲ್ಲಿ ಮಾಡಿಸಿದೆ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನೂ ಅದೇ ಮೊಬೈಲ್‌ನಿಂದ ಬದಲಾವಣೆ ಮಾಡಿಸಿದೆ. ಅನುಮಾನ ಇರುವ ಕಂಪ್ಯೂಟರ್‌ನಲ್ಲೇ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಬದಲಾಯಿಸಿ ಏನು ಬಂತು, ಅಲ್ವಾ?

ನವೆಂಬರ್ 8, ಶನಿವಾರ: ಮಂಡಿಯಲ್ಲಿ

ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಹತ್ತೂವರೆಗೆ ಮಂಡಿ ತಲುಪಿದೆ. ಬ್ಯಾಗಿನಲ್ಲಿ ಇದ್ದದ್ದು 32 ಜಿಬಿ ಪೆನ್‌ಡ್ರೈವ್, ಅದರಲ್ಲಿ ಮೈಕ್ರೋಸಾಫ್ಟ್‌ನವರ ಸಿಸ್‌ಇಂಟರ್ನಲ್ಸ್‌ನಿಂದ ಇಳಿಸಿಕೊಂಡ ಆಟೋರನ್ಸ್ (ತಾನಾಗಿ ಶುರುವಾಗುವ ಪ್ರೋಗ್ರಾಂಗಳನ್ನು ತೋರಿಸುತ್ತದೆ) ಮತ್ತು ಟಿಸಿಪಿ ವ್ಯೂ (ಯಾವ ಪ್ರೋಗ್ರಾಂ ಯಾರ ಜೊತೆ ಸಂಪರ್ಕದಲ್ಲಿದೆ ಎಂದು ತೋರಿಸುತ್ತದೆ), ಒಂದು ನೋಟ್‌ಬುಕ್, ಪೆನ್ನು. ಕಂಪ್ಯೂಟರ್ ವಿಂಡೋಸ್ 10, 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಟೇಬಲ್ ತುಂಬ ಕೊಬ್ಬರಿ ನಾರು. ಕೀಬೋರ್ಡ್ ತಲೆಕೆಳಗು ಮಾಡಿ ಕೊಡವಿಯೇ ಕೆಲಸ ಶುರು ಮಾಡಿದ್ದು.

ಹಂತ 1. ಎಲ್ಲಿಂದ ಓಡುತ್ತಿದೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಮೊದಲ ಪುಟ ಸಾಕಾಗುವುದಿಲ್ಲ. ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಮೇಲಿನ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್‌ನಲ್ಲಿ ಇಮೇಜ್ ಪಾತ್ ನೇಮ್ ಮತ್ತು ಕಮಾಂಡ್ ಲೈನ್ ಎರಡಕ್ಕೂ ಟಿಕ್ ಹಾಕಬೇಕು.

ಎನಿಡೆಸ್ಕ್ ಹೆಸರಿನ ಎರಡು ಸಾಲು ಕಂಡವು. ಒಂದು ಸಿಸ್ಟಂ ಹೆಸರಲ್ಲಿ, ಕಮಾಂಡ್ ಲೈನಿನ ಕೊನೆಗೆ ಎರಡು ಅಡ್ಡಗೆರೆ ಮತ್ತು ಸರ್ವೀಸ್ ಎಂಬ ಪದ. ಇನ್ನೊಂದು ಮಾಮನ ಲಾಗಿನ್ ಹೆಸರಲ್ಲಿ, ಕೊನೆಗೆ ಕಂಟ್ರೋಲ್ ಎಂಬ ಪದ. ಮೊದಲನೆಯದು ಹಿನ್ನೆಲೆಯ ಸರ್ವೀಸ್. ಎರಡನೆಯದು ಗಡಿಯಾರದ ಪಕ್ಕ ಕಾಣುವ ಕೆಂಪು ಚಿಹ್ನೆಯದು. ಎರಡರ ಜಾಗವೂ ಒಂದೇ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್ ಎಕ್ಸ್86, ಎನಿಡೆಸ್ಕ್. ಸರಿಯಾಗಿ ಇನ್‌ಸ್ಟಾಲ್ ಆದ ಎನಿಡೆಸ್ಕ್ ಇರಬೇಕಾದ ಜಾಗವೇ ಅದು. ಟೆಂಪ್ ಫೋಲ್ಡರ್‌ನಲ್ಲೋ, ಅರ್ಥವಾಗದ ಅಕ್ಷರಗಳ ಹೆಸರಿನ ಫೋಲ್ಡರ್‌ನಲ್ಲೋ ಇದ್ದಿದ್ದರೆ ಅಲ್ಲೇ ನಿಲ್ಲಿಸಿ ಬೇರೆ ದಾರಿ ಹಿಡಿಯುತ್ತಿದ್ದೆ.

ಹಂತ 2. ಸಹಿ

ಸಾಲಿನ ಮೇಲೆ ರೈಟ್ ಕ್ಲಿಕ್, ಓಪನ್ ಫೈಲ್ ಲೊಕೇಶನ್. ಫೈಲಿನ ಪ್ರಾಪರ್ಟೀಸ್. ಅಲ್ಲಿ ಡೀಟೇಲ್ಸ್ ಟ್ಯಾಬ್‌ನಲ್ಲಿ ಕಂಪನಿ ಹೆಸರು ನೋಡಿ "ಸರಿ ಇದೆ" ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಐದು ನಿಮಿಷದ ನಂತರ ಅದನ್ನು ಹೊಡೆದುಹಾಕಿದೆ. ಆ ಜಾಗದಲ್ಲಿ ಪ್ರೋಗ್ರಾಂ ಮಾಡಿದವರು ಏನು ಬೇಕಾದರೂ ಬರೆಯಬಹುದು. ನೋಡಬೇಕಾದ್ದು, ಫೈಲ್ ಯಾರದ್ದು, ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂದು ಹೇಳುವ ಪಕ್ಕದ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್. ಅಲ್ಲಿ ಹೆಸರು ಕಂಡರೂ ಸಾಲದು. ಹೆಸರನ್ನು ಆರಿಸಿ ಡೀಟೇಲ್ಸ್ ಗುಂಡಿ ಒತ್ತಿದ ಮೇಲೆ, ಈ ಸಹಿ ಸರಿಯಿದೆ ಎಂಬ ವಾಕ್ಯ ಬರಬೇಕು. ಬಂತು. ಸಹಿ ಎನಿಡೆಸ್ಕ್ ಸಾಫ್ಟ್‌ವೇರ್ ಜಿಎಂಬಿಎಚ್ ಹೆಸರಲ್ಲಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಕಂಪನಿ ಅದು.

ಪವರ್‌ಶೆಲ್‌ನಲ್ಲಿ ಗೆಟ್ ಆಥೆಂಟಿಕೋಡ್ ಸಿಗ್ನೇಚರ್ ಎಂಬ ಕಮಾಂಡ್‌ಗೆ ಫೈಲಿನ ಜಾಗ ಕೊಟ್ಟು ಇನ್ನೊಮ್ಮೆ ನೋಡಿದೆ. ಸ್ಟೇಟಸ್ ವ್ಯಾಲಿಡ್ ಎಂದಿತು.

ಹಂತ 3. ಡೌನ್‌ಲೋಡ್ಸ್‌ನಲ್ಲಿ ಎರಡನೆಯ ಫೈಲ್

ಇಡೀ ಸಿ ಡ್ರೈವ್‌ನಲ್ಲಿ ಅದೇ ಹೆಸರು ಹುಡುಕಿದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇನ್ನೊಂದು ಫೈಲ್ ಸಿಕ್ಕಿತು. 2023ರದ್ದು, 7ನೇ ಆವೃತ್ತಿ. ಇನ್‌ಸ್ಟಾಲ್ ಆಗಿದ್ದು 9ನೇ ಆವೃತ್ತಿ. ಡೌನ್‌ಲೋಡ್ಸ್‌ನ ಫೈಲಿನ ಸಹಿ ನೋಡಿದರೆ ಎನಿಡೆಸ್ಕ್ ಹೆಸರೇ ಇಲ್ಲ. ಫಿಲಾಂಡ್ರೋ ಸಾಫ್ಟ್‌ವೇರ್ ಜಿಎಂಬಿಎಚ್ ಎಂದಿತ್ತು.

ಸಿಕ್ಕಿಬಿದ್ದ ಎಂದುಕೊಂಡೆ. ಮಾಮನಿಗೂ ಹಾಗೇ ಹೇಳಿಬಿಟ್ಟೆ. ಅವರು ಎದ್ದು ಹೋಗಿ ಶೆಟರ್ ಅರ್ಧ ಎಳೆದು ಬಂದರು.

ಅವಸರ ಮಾಡಿದ್ದು ತಪ್ಪಾಯಿತು. ಫಿಲಾಂಡ್ರೋ ಅನ್ನುವುದು ಅದೇ ಕಂಪನಿಯ ಹಳೆಯ ಹೆಸರು. ಹಳೆಯ ಎನಿಡೆಸ್ಕ್‌ಗಳ ಮೇಲೆಲ್ಲ ಆ ಸಹಿಯೇ ಇರುತ್ತಿತ್ತು. ಆದರೂ ಆ ಫೈಲನ್ನು ಇಟ್ಟುಕೊಳ್ಳುವಂತಿರಲಿಲ್ಲ. 2024ರ ಫೆಬ್ರವರಿ 2ರಂದು, ತನ್ನ ಸರ್ವರ್‌ಗಳಿಗೆ ಹೊರಗಿನವರು ನುಗ್ಗಿದ್ದಾರೆ ಎಂದು ಕಂಪನಿಯೇ ಹೇಳಿಕೊಂಡಿತ್ತು. ವೆಬ್ ಪೋರ್ಟಲ್‌ನ ಪಾಸ್‌ವರ್ಡ್‌ಗಳನ್ನೆಲ್ಲ ರದ್ದು ಮಾಡಿ, ಸಹಿ ಹಾಕುವ ಸರ್ಟಿಫಿಕೇಟ್ ಬದಲಾಯಿಸಿ, ಹೊಸ ಆವೃತ್ತಿಗೆ ಹೋಗಿ ಎಂದಿತ್ತು. ವಿಂಡೋಸ್‌ನಲ್ಲಿ 8.0.8 ಆವೃತ್ತಿ ಹೊಸ ಸಹಿಯೊಂದಿಗೆ ಬಂದಿದ್ದು. ಹಾಗಾಗಿ ಫಿಲಾಂಡ್ರೋ ಸಹಿಯ ಹಳೇ ಫೈಲ್ ಎಲ್ಲಿ ಸಿಕ್ಕರೂ ಅಳಿಸುವುದು ವಾಸಿ. ಅದು ನಕಲಿ ಎಂದಲ್ಲ, ಆ ಸಹಿಯನ್ನು ಈಗ ನಂಬಿ ಕೂರಲು ಆಗುವುದಿಲ್ಲ. ಪೆನ್‌ಡ್ರೈವ್‌ಗೆ ಒಂದು ಪ್ರತಿ ಇಟ್ಟುಕೊಂಡು ಅಳಿಸಿದೆ.

ಹಂತ 4. ಹ್ಯಾಶ್ ಹೋಲಿಕೆ, ಕೆಟ್ಟುಹೋದ 40 ನಿಮಿಷ

ಸರ್ಟ್‌ಯುಟಿಲ್ ಕಮಾಂಡ್‌ನಿಂದ ಫೈಲಿನ ಎಸ್‌ಎಚ್‌ಎ 256 ಹ್ಯಾಶ್ ತೆಗೆದೆ. 64 ಅಕ್ಷರ, ಫೈಲಿನ ಬೆರಳಚ್ಚು ಇದ್ದ ಹಾಗೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ಸೈಟಿನಿಂದ ಹೊಸದಾಗಿ ಇಳಿಸಿದ ಫೈಲಿನದ್ದೂ ತೆಗೆದೆ. ಎರಡೂ ಬೇರೆ ಬೇರೆ. ಮತ್ತೆ ತೆಗೆದೆ, ಮತ್ತೂ ಬೇರೆ. ನೋಟ್‌ಬುಕ್‌ನಲ್ಲಿ ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಆಮೇಲೆ ಹೊಳೆಯಿತು, ಆವೃತ್ತಿಯ ಕೊನೆಯ ಅಂಕಿ ಬೇರೆ ಇದೆ. ಒಂದಂಕಿ ಬೇರೆ ಇದ್ದರೂ ಹ್ಯಾಶ್ ಪೂರ್ತಿ ಬೇರೆ. ಹೋಲಿಸುವುದಾದರೆ ಅದೇ ಆವೃತ್ತಿಯದ್ದನ್ನೇ ಹೋಲಿಸಬೇಕು.

ಆ 64 ಅಕ್ಷರಗಳನ್ನು, ಹಲವು ಆಂಟಿವೈರಸ್ ಎಂಜಿನ್‌ಗಳ ಅಭಿಪ್ರಾಯ ಒಟ್ಟಿಗೆ ತೋರಿಸುವ ಸೈಟ್ ಆದ ವೈರಸ್ ಟೋಟಲ್‌ನಲ್ಲಿ ಹುಡುಕಿದೆ. ಫೈಲ್ ಅಪ್‌ಲೋಡ್ ಮಾಡುವ ಅಗತ್ಯವೇ ಇಲ್ಲ, ಹ್ಯಾಶ್ ಕೊಟ್ಟರೆ ಸಾಕು. 70ಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಮೂರು ಕೆಂಪು ತೋರಿಸಿದವು. ಮಾಮ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಕೆಂಪು ಕಂಡ ಕೂಡಲೇ "ನೋಡ್ದಾ?" ಎಂದರು. ಆ ಮೂರೂ ಕೊಟ್ಟ ಹೆಸರುಗಳಲ್ಲಿ ರಿಸ್ಕ್‌ವೇರ್, ರಿಮೋಟ್ ಅಡ್ಮಿನ್ ಎಂಬ ಪದಗಳಿದ್ದವು. ಅಂದರೆ ಇದು ದೂರದಿಂದ ಕಂಪ್ಯೂಟರ್ ನಡೆಸುವ ಸಾಧನ, ಯಾರು ಹಾಕಿದರು ನೋಡಿಕೊಳ್ಳಿ ಎಂದಷ್ಟೇ. ಟ್ರೋಜನ್, ಅಂದರೆ ವೇಷ ಮರೆಸಿಕೊಂಡ ಕೆಟ್ಟ ಪ್ರೋಗ್ರಾಂ, ಎಂದು ಒಂದೂ ಹೇಳಿರಲಿಲ್ಲ. ಮಾಮನಿಗೆ ಇದನ್ನು ಎರಡು ಸಲ ಬಿಡಿಸಿ ಹೇಳಬೇಕಾಯಿತು. ತಪ್ಪಿಲ್ಲ. ಕೆಂಪು ಬಣ್ಣ ಕಂಡರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತೆ.

ಹಂತ 5. ಯಾರ ಜೊತೆ ಮಾತಾಡುತ್ತಿದೆ?

ವೈರ್ ಮತ್ತೆ ಸಿಕ್ಕಿಸಿದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ನಡೆಯುತ್ತಿರುವ ಸಂಪರ್ಕಗಳನ್ನು ತೋರಿಸುವ ನೆಟ್‌ಸ್ಟಾಟ್ ಕೊಟ್ಟೆ, ಜೊತೆಗೆ ಒಂದು ಅಡ್ಡಗೆರೆ, ಎ, ಎನ್, ಓ. ಕೊನೆಯ ಕಾಲಮಿನ ನಂಬರನ್ನು ಟಾಸ್ಕ್ ಮ್ಯಾನೇಜರ್‌ನ ಪಿಐಡಿ (ಓಡುತ್ತಿರುವ ಪ್ರೋಗ್ರಾಂಗೆ ಕೊಟ್ಟ ನಂಬರ್) ಜೊತೆ ಹೊಂದಿಸಿದೆ. ಎನಿಡೆಸ್ಕ್‌ನ ಎರಡು ಸಾಲು ಕಂಡವು. ಒಂದು, ಪೋರ್ಟ್ 7070ರಲ್ಲಿ ಲಿಸನಿಂಗ್, ಅಂದರೆ ಕರೆಗೆ ಕಾಯುತ್ತಿದೆ. ಇನ್ನೊಂದು, ಹೊರಗಿನ ಒಂದು ವಿಳಾಸಕ್ಕೆ 443ರಲ್ಲಿ ಎಸ್ಟಾಬ್ಲಿಷ್ಡ್, ಅಂದರೆ ಸಂಪರ್ಕ ಆಗಿದೆ.

ಎರಡನೆಯದನ್ನು ನೋಡಿ ಈಗಲೇ ಯಾರೋ ಒಳಗಿದ್ದಾರೆ ಎಂದು ವೈರ್ ಮತ್ತೆ ಕಿತ್ತೆ. ಹದಿನೈದು ನಿಮಿಷ ಬಿಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ವೈರ್ ಹಾಕಿ, ಟಿಸಿಪಿ ವ್ಯೂ ತೆರೆದು ಸುಮ್ಮನೆ ಕೂತೆ. ಒಂದು ನಿಮಿಷದೊಳಗೆ ಅದೇ ಥರದ ಸಂಪರ್ಕ ಮತ್ತೆ ಬಂತು. ಪರದೆಯಲ್ಲಿ ಯಾರೂ ಇಲ್ಲ, ಮೌಸ್ ಅಲ್ಲಾಡುತ್ತಿಲ್ಲ. ಸರ್ವೀಸ್ ಓಡುತ್ತಿರುವಷ್ಟು ಹೊತ್ತು ಅದು ಕಂಪನಿಯ ಸರ್ವರ್‌ಗೆ "ನಾನು ಇಲ್ಲಿದ್ದೇನೆ" ಎಂದು ಒಂದು ಎಳೆ ಹಿಡಿದುಕೊಂಡೇ ಇರುತ್ತದೆ. ಇಲ್ಲದಿದ್ದರೆ ಐಡಿ ನಂಬರ್ ಹೊಡೆದಾಗ ಈ ಕಂಪ್ಯೂಟರ್ ಸಿಗುವುದಾದರೂ ಹೇಗೆ? 7070 ಇರುವುದು ನೇರ ಸಂಪರ್ಕಕ್ಕೆ. ಮಂಡಿಯ ರೂಟರ್‌ನ ಪುಟ ತೆರೆದು ನೋಡಿದೆ. ಆ ಪೋರ್ಟನ್ನು ಹೊರಗಿನಿಂದ ಒಳಗೆ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಎರಡು ಗಂಟೆ. ಅತ್ತೆ ಊಟ ಕಳಿಸಿದ್ದರು. ಊಟ ಮಾಡುವಾಗ ಮಾಮ ಕೇಳಿದರು: "ಒಟ್ಟಿನಲ್ಲಿ ಇದು ಒಳ್ಳೇದೋ ಕೆಟ್ಟದ್ದೋ ಹೇಳು." ಫೈಲ್ ಅಸಲಿ ಎಂದೆ. "ಹಾಗಾದ್ರೆ ಹಾಕಿದ್ಯಾರು?" ಎಂದರು. ಬೆಳಗ್ಗೆಯಿಂದ ನಾನು ಫೈಲನ್ನೇ ನೋಡುತ್ತಿದ್ದೆ. ಮಾಮ ಕೇಳಿದ ಪ್ರಶ್ನೆಯನ್ನು ನಾನು ಇನ್ನೂ ಶುರುವೇ ಮಾಡಿರಲಿಲ್ಲ.

ಹಂತ 6. ಬಂದು ಹೋದವರ ಪಟ್ಟಿ

ಎನಿಡೆಸ್ಕ್ ತನ್ನ ಸಂಪರ್ಕಗಳ ಲೆಕ್ಕ ಇಡುತ್ತದೆ. ಇನ್‌ಸ್ಟಾಲ್ ಆಗಿದ್ದರೆ ಆ ಫೈಲುಗಳು ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಒಳಗಿನ ಎನಿಡೆಸ್ಕ್ ಫೋಲ್ಡರ್‌ನಲ್ಲಿರುತ್ತವೆ. ಆ ಫೋಲ್ಡರ್ ಅಡಗಿರುತ್ತದೆ, ವ್ಯೂನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದ ಮೇಲೇ ಕಾಣುವುದು. ಏನನ್ನೂ ತೆರೆಯುವ ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಆ ದಿನ ನಾನು ಮೊದಲ ಪ್ರಯತ್ನದಲ್ಲೇ ಸರಿಯಾಗಿ ಮಾಡಿದ ಕೆಲಸ ಇದು.

ಅದರಲ್ಲಿ ಕನೆಕ್ಷನ್ ಟ್ರೇಸ್ ಹೆಸರಿನ ಪಠ್ಯ ಫೈಲ್ ಮುಖ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಂಪರ್ಕಕ್ಕೆ ಒಂದೊಂದು ಸಾಲು. ಇನ್‌ಕಮಿಂಗ್ ಎಂಬ ಪದ, ತಾರೀಖು, ಸಮಯ, ಹೇಗೆ ಒಳಗೆ ಬಂದರು ಎಂಬುದು, ಬಂದವರ ಐಡಿ. ಹೇಗೆ ಬಂದರು ಎನ್ನುವ ಕಡೆ ಯೂಸರ್ ಎಂದಿದ್ದರೆ ಕಂಪ್ಯೂಟರ್ ಮುಂದೆ ಇದ್ದವರು ಅಕ್ಸೆಪ್ಟ್ ಒತ್ತಿದ್ದಾರೆ. ಪಾಸ್‌ವರ್ಡ್ ಎಂದಿದ್ದರೆ ಬಂದವರೇ ಪಾಸ್‌ವರ್ಡ್ ಹಾಕಿಕೊಂಡು ಬಂದಿದ್ದಾರೆ. ಟೋಕನ್ ಎಂದಿದ್ದರೆ ಆ ಪಾಸ್‌ವರ್ಡ್ ಅವರ ಕಡೆ ಉಳಿಸಿಟ್ಟದ್ದು. ರಿಜೆಕ್ಟೆಡ್ ಎಂದರೆ ಬೇಡ ಎಂದದ್ದು.

ಒಟ್ಟು 14 ಸಾಲು. 12ರಲ್ಲಿ ಒಂದೇ ಐಡಿ. ಒಂದರಲ್ಲಿ ಬೇರೆ ಐಡಿ, ಯೂಸರ್ ಎಂದಿತ್ತು. ಇನ್ನೊಂದು ರಿಜೆಕ್ಟೆಡ್. ಆ 12ರಲ್ಲಿ ಒಂಬತ್ತು ಸಾಲಿನಲ್ಲಿ ಪಾಸ್‌ವರ್ಡ್ ಇಲ್ಲವೇ ಟೋಕನ್.

"ಪಾಸ್‌ವರ್ಡಾ? ನಾನು ಯಾರಿಗೂ ಕೊಟ್ಟಿಲ್ಲ" ಎಂದರು ಮಾಮ.

ಹಂತ 7. ಐದೂವರೆ ಗಂಟೆಯ ತಪ್ಪು

ಇಲ್ಲಿ ಮಾಡಿದ ತಪ್ಪು ಎಲ್ಲಕ್ಕಿಂತ ದೊಡ್ಡದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಕ್ಟೋಬರ್ 14ರ ಸಾಲಿನಲ್ಲಿ ಸಮಯ 05:12 ಎಂದಿತ್ತು. ಮಂಡಿ ತೆರೆಯುವುದು ಒಂಬತ್ತಕ್ಕೆ. ಬೆಳಗಿನ ಜಾವ ಐದು ಗಂಟೆಗೆ ಪಾಸ್‌ವರ್ಡ್ ಹಾಕಿಕೊಂಡು ಬಂದವನು ಕಳ್ಳನಲ್ಲದೆ ಇನ್ಯಾರು? ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಸೆಪ್ಟೆಂಬರ್ 19ರಂದು 06:35, ಅದಕ್ಕೂ ಕೆಂಪು. ಅಕ್ಟೋಬರ್ 29ರಂದು 15:10, ಅದು ವ್ಯಾಪಾರದ ಹೊತ್ತು, ಸರಿ ಎಂದು ಹಸಿರು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಬಿಡೋಣ ಎಂದು ಮಾಮ ಮೊಬೈಲ್ ಕೈಗೆತ್ತಿಕೊಂಡರು.

ಒಂದು ಪರೀಕ್ಷೆ ಮಾಡೋಣ ಎನಿಸಿತು. ನನ್ನ ಮೊಬೈಲ್‌ಗೆ ಎನಿಡೆಸ್ಕ್ ಹಾಕಿ, ಮಂಡಿಯ ಐಡಿ ಹೊಡೆದೆ. ಮಾಮ ಅಕ್ಸೆಪ್ಟ್ ಒತ್ತಿದರು. ಗೋಡೆ ಗಡಿಯಾರದಲ್ಲಿ ಆಗ ಮಧ್ಯಾಹ್ನ 3:47. ಫೈಲ್ ಮತ್ತೆ ತೆರೆದೆ. ಕೊನೆಗೆ ಹೊಸ ಸಾಲು, ಯೂಸರ್, ಸಮಯ 10:17.

ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬರೆದಿದ್ದದ್ದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ.

ಎಲ್ಲ ಸಾಲಿಗೂ 5:30 ಕೂಡಿಸಿ ನೋಟ್‌ಬುಕ್‌ನಲ್ಲಿ ಹೊಸದಾಗಿ ಬರೆದೆ. 05:12 ಅಂದರೆ ಬೆಳಗ್ಗೆ 10:42. ಮಾಮನ ಚೀಟಿ ಪುಸ್ತಕದಲ್ಲಿ ಅದೇ ದಿನ "ಟ್ಯಾಲಿ ರಿಪೇರಿ, 500" ಎಂದಿತ್ತು. 06:35 ಅಂದರೆ 12:05, ಅದೂ ಸರಿಹೋಯಿತು. ಆದರೆ ನಾನು ಹಸಿರು ಹಾಕಿದ್ದ 15:10? ಅದು ರಾತ್ರಿ 8:40. ಮಂಡಿ ಬಾಗಿಲು ಹಾಕುವುದು ಎಂಟಕ್ಕೆ. ಬಾಗಿಲು ಹಾಕಿದ ಮೇಲೂ ಕಂಪ್ಯೂಟರ್ ಆನ್ ಇರುತ್ತಿತ್ತು. ಕೆಂಪು ಹಾಕಿದವೆಲ್ಲ ಸಾಧು, ಹಸಿರು ಹಾಕಿದ ಒಂದೇ ಸಾಲು ಅನುಮಾನದ್ದು. ಪರೀಕ್ಷೆ ಮಾಡದೆ ದೂರು ಕೊಟ್ಟಿದ್ದರೆ ತಪ್ಪು ದಿನದ ಮೇಲೆ ದೂರು ಹೋಗುತ್ತಿತ್ತು, ಕೇಳಲೇಬೇಕಾದ ದಿನ ಕೈತಪ್ಪಿ ಹೋಗುತ್ತಿತ್ತು.

ಪಕ್ಕದ ಇನ್ನೊಂದು ಲಾಗ್‌ನಲ್ಲಿ ಬಂದವರ ಐಪಿ ವಿಳಾಸವೂ ಇತ್ತು. ಹುಡುಕಿದರೆ ಚೆನ್ನೈ ಎಂದು ತೋರಿಸಿತು. ಮತ್ತೆ ಗಾಬರಿ. ಮಂಡಿಯ ಸ್ವಂತ ಐಪಿ ಹಾಕಿ ನೋಡಿದೆ, ಅದಕ್ಕೂ ಚೆನ್ನೈ. ಆ ಸೈಟುಗಳಲ್ಲಿ ಊರಿನ ಹೆಸರನ್ನು ನಂಬಬಾರದು.

ಹಂತ 8. ಫೋನ್

12 ಸಾಲಿನ ಐಡಿ ಯಾರದ್ದು ಎಂದು ತಿಳಿಯಲು ಟ್ಯಾಲಿ ಸರ್ವೀಸ್‌ಗೆ ಬರುವ ಹುಡುಗನಿಗೆ ಫೋನ್ ಮಾಡಿದೆವು. ಐಡಿಯನ್ನು ನಾನು ಓದಿ ಹೇಳಲಿಲ್ಲ. ನಿಮ್ಮದು ಹೇಳಿ ಎಂದೆ. ಹೇಳಿದ, ಹೊಂದಿತು. 2023ರಲ್ಲಿ ಎನಿಡೆಸ್ಕ್ ಹಾಕಿದ್ದೂ ಅವನೇ.

"ಅಕ್ಟೋಬರ್ 29ರ ರಾತ್ರಿ?"

"ಬ್ಯಾಕಪ್ ತಗೊಂಡಿದ್ದೆ ಸಾರ್. ಹಗಲು ಅವರು ಬಿಲ್ ಹಾಕ್ತಿರ್ತಾರೆ, ತೊಂದ್ರೆ ಆಗಬಾರ್ದು ಅಂತ."

ಬ್ಯಾಕಪ್ ಫೋಲ್ಡರ್ ನೋಡಿದೆ. ಆ ದಿನದ ಫೈಲ್ ಇತ್ತು, ಸಮಯ ರಾತ್ರಿ 8:52. ಅವನ ಮಾತು ನಿಜ.

"ಪಾಸ್‌ವರ್ಡ್ ಯಾರ‍್ಯಾರಿಗೆ ಗೊತ್ತು?"

"ನಮ್ಮ ಆಫೀಸಲ್ಲಿ ಎಲ್ರಿಗೂ ಗೊತ್ತು ಸಾರ್. ಎಲ್ಲ ಕಸ್ಟಮರ್‌ಗೂ ಒಂದೇ ಹಾಕಿದೀವಿ, ನೆನಪಿಟ್ಕೊಳ್ಳೋಕೆ ಈಸಿ."

ಹುಡುಗ ಪ್ರಾಮಾಣಿಕ, ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟ. ಆದರೆ ಆ ಉತ್ತರ ಕೇಳಿ ನನಗೆ ಬೆಳಗ್ಗೆಯಿಂದ ಆದ ಗಾಬರಿಗಳೆಲ್ಲ ಸಣ್ಣವು ಅನಿಸಿದವು. ಫೈಲ್ ಅಸಲಿ, ಸಹಿ ಅಸಲಿ, ಸಂಪರ್ಕ ಅಸಲಿ. ಮಾಮನ ಬ್ಯಾಂಕ್ ಇರುವ ಕಂಪ್ಯೂಟರಿನ ಬೀಗದ ಕೈ ಮಾತ್ರ ಊರಿನ ಎಷ್ಟೋ ಅಂಗಡಿಗಳ ಬೀಗಕ್ಕೂ ಒಂದೇ. ಅಲ್ಲಿ ಕೆಲಸ ಬಿಟ್ಟು ಹೋದವರ ಕೈಯಲ್ಲೂ ಅದೇ. ಯಾವ ವೈರಸ್ ಸ್ಕ್ಯಾನೂ ಇದನ್ನು ತೋರಿಸುವುದಿಲ್ಲ.

ಬೇರೆ ಐಡಿಯ ಒಂದು ಸಾಲು ಮಾಮನ ಮಗಳದ್ದು. ಮೈಸೂರಿನಿಂದ ಒಮ್ಮೆ ಪ್ರಿಂಟರ್ ಸರಿ ಮಾಡಿಕೊಟ್ಟಿದ್ದಳಂತೆ. ರಿಜೆಕ್ಟೆಡ್ ಸಾಲು ಯಾರದೆಂದು ಕೊನೆಗೂ ಸಿಗಲಿಲ್ಲ. ಯಾರೋ ನಂಬರ್ ತಪ್ಪಾಗಿ ಹೊಡೆದಿರಬಹುದು, ಪ್ರಯತ್ನ ಮಾಡಿಯೂ ಇರಬಹುದು. ನೋಟ್‌ಬುಕ್‌ನಲ್ಲಿ ಅದರ ಮುಂದೆ ಪ್ರಶ್ನೆ ಗುರುತು ಹಾಗೇ ಇದೆ.

ಹಂತ 9. ರಾತ್ರಿ ಮಾಡಿದ್ದು

ಎನಿಡೆಸ್ಕ್‌ನ ಸೆಟ್ಟಿಂಗ್ಸ್, ಸೆಕ್ಯುರಿಟಿ. ಮೊದಲು ಅನ್‌ಲಾಕ್ ಮಾಡಬೇಕು. ಅನ್‌ಅಟೆಂಡೆಡ್ ಆಕ್ಸೆಸ್ (ಯಾರೂ ಅಕ್ಸೆಪ್ಟ್ ಒತ್ತದೆ ಪಾಸ್‌ವರ್ಡ್‌ನಿಂದ ಒಳಬರುವ ಅವಕಾಶ) ತೆಗೆದೆ. ಉಳಿಸಿಟ್ಟ ಟೋಕನ್‌ಗಳನ್ನೆಲ್ಲ ಅಳಿಸಿದೆ. ಆಮೇಲೆ ಯೋಚಿಸಿದರೆ, ತಿಂಗಳಿಗೆ ಒಂದು ಸಲ ಬೇಕಾಗುವ ಪ್ರೋಗ್ರಾಂ ದಿನವಿಡೀ ಹಿನ್ನೆಲೆಯಲ್ಲಿ ಯಾಕೆ ಓಡಬೇಕು? ಅನ್‌ಇನ್‌ಸ್ಟಾಲ್ ಮಾಡಿದೆ. ರೀಸ್ಟಾರ್ಟ್ ಮಾಡಿ ಸರ್ವೀಸಸ್ ಪಟ್ಟಿಯಲ್ಲೂ ಸ್ಟಾರ್ಟಪ್ ಫೋಲ್ಡರ್‌ನಲ್ಲೂ ಹೆಸರು ಹೋಗಿದೆಯೇ ಎಂದು ನೋಡಿದೆ. ಹೋಗಿತ್ತು.

ವಿಂಡೋಸ್‌ನ ಸ್ವಂತ ಆಂಟಿವೈರಸ್ ಡಿಫೆಂಡರ್‌ನ ಫುಲ್ ಸ್ಕ್ಯಾನ್ ಹಚ್ಚಿ ಮನೆಗೆ ಹೋದೆವು.

ನವೆಂಬರ್ 9, ಭಾನುವಾರ

ಸ್ಕ್ಯಾನ್ ಮುಗಿಯಲು 3 ಗಂಟೆ 10 ನಿಮಿಷ ಹಿಡಿದಿತ್ತು. ಏನೂ ಸಿಗಲಿಲ್ಲ. ಆಟೋರನ್ಸ್ ತೆರೆದು, ಮೈಕ್ರೋಸಾಫ್ಟ್‌ನವನ್ನು ಮರೆಮಾಡಿ, ಸಹಿ ಪರೀಕ್ಷೆ ಆನ್ ಮಾಡಿ ಒಂದೊಂದೇ ನೋಡಿದೆ. ಪ್ರಿಂಟರ್, ಟ್ಯಾಲಿ, ಬ್ರೌಸರ್ ಅಪ್‌ಡೇಟ್. ಬೇರೆ ರಿಮೋಟ್ ಪ್ರೋಗ್ರಾಂ ಇರಲಿಲ್ಲ. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಆಫ್ ಇತ್ತು. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಮಾಮ ಆರು ತಿಂಗಳದ್ದು ಪ್ರಿಂಟ್ ತೆಗೆಸಿ ರೋಕಡಿ ಜೊತೆ ತಾಳೆ ನೋಡಿದರು. ಒಂದು ಪೈಸೆ ವ್ಯತ್ಯಾಸ ಇಲ್ಲ.

ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೆ ಸಾಮಾನ್ಯ ಅಪ್‌ಡೇಟ್ ನಿಂತಿದೆ. ಅದು ಬಾಕಿ ಕೆಲಸ, ಮುಂದಿನ ಸಲಕ್ಕೆ.

ಕಂಪನಿಯ ಸೈಟಿನಿಂದ ಹೊಸ ಎನಿಡೆಸ್ಕ್ ಇಳಿಸಿ, ಸಹಿ ನೋಡಿ, ಇನ್‌ಸ್ಟಾಲ್ ಮಾಡದೆ ಡೆಸ್ಕ್‌ಟಾಪ್ ಮೇಲೆ ಇಟ್ಟೆ. ಹುಡುಗ ಫೋನ್ ಮಾಡಿದಾಗ ಮಾಮ ಅದನ್ನು ತೆರೆಯುವುದು, ಐಡಿ ಓದಿ ಹೇಳುವುದು, ಅಕ್ಸೆಪ್ಟ್ ಒತ್ತಿ ಮುಂದೆಯೇ ಕೂರುವುದು, ಮುಗಿದ ಮೇಲೆ ಮುಚ್ಚುವುದು.

ಖರ್ಚು: ರೈಲು ಎರಡೂ ಕಡೆ ಸೇರಿ 140 ರೂಪಾಯಿ, ಪೆನ್‌ಡ್ರೈವ್ 380. ಸಾಫ್ಟ್‌ವೇರ್‌ಗೆ ಏನೂ ಇಲ್ಲ. ಸಮಯ ಎರಡೂ ದಿನ ಸೇರಿ ಹನ್ನೊಂದು ಗಂಟೆ. ಅದರಲ್ಲಿ ನಾಲ್ಕು ಗಂಟೆ ನನ್ನ ತಪ್ಪುಗಳಿಂದ ಹೋದದ್ದು.

ನವೆಂಬರ್ 15, ಶನಿವಾರ

ಮಾಮನ ಫೋನ್. ಕೆಂಪು ಚಿಹ್ನೆ ಗಡಿಯಾರದ ಪಕ್ಕ ಮತ್ತೆ ಬಂದಿದೆ. ಈ ಸಲ ಅವರು ಗಾಬರಿಯಾಗಲಿಲ್ಲ, ಫೋಟೋ ತೆಗೆದು ಕಳಿಸಿದರು. ನೋಡಿದರೆ, ಅಭ್ಯಾಸಕ್ಕೆಂದು ಒಮ್ಮೆ ತೆರೆದು ಮುಚ್ಚಿದ್ದಾರೆ. ಮುಚ್ಚುವಾಗ ಇದನ್ನು ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡಲೇ ಎಂದು ಅದು ಕೇಳುತ್ತದೆ. ಹೌದು ಎಂದು ಒತ್ತಿದ್ದಾರೆ. ಆ ಪ್ರಶ್ನೆ ಬರುತ್ತದೆ ಎಂದು ನಾನು ಮೊದಲೇ ಹೇಳಬೇಕಿತ್ತು. ಫೋನ್‌ನಲ್ಲೇ ಹೇಳಿ ಮತ್ತೆ ಅನ್‌ಇನ್‌ಸ್ಟಾಲ್ ಮಾಡಿಸಿ, ಡೆಸ್ಕ್‌ಟಾಪ್ ಮೇಲೆ ಬರೀ ಪ್ರತಿ ಉಳಿಯುವಂತೆ ಮಾಡಿದೆ. ಮಾನಿಟರ್ ಅಂಚಿಗೆ ಅತ್ತೆ ಒಂದು ಚೀಟಿ ಅಂಟಿಸಿದರು: "ಮುಚ್ಚುವಾಗ ಇನ್‌ಸ್ಟಾಲ್ ಬೇಡ."

ನವೆಂಬರ್ 17, ಸೋಮವಾರ

ಜಿಎಸ್‌ಟಿ ಕೆಲಸಕ್ಕೆ ಹುಡುಗ ಬರಬೇಕಿತ್ತು. ಮೊದಲು ಫೋನ್ ಮಾಡಿದ. ಮಾಮ ತೆರೆದರು, ಐಡಿ ಹೇಳಿದರು, ಅಕ್ಸೆಪ್ಟ್ ಒತ್ತಿದರು, 25 ನಿಮಿಷ ಪರದೆ ಮುಂದೆಯೇ ಕೂತಿದ್ದರು. ಮುಗಿದ ಮೇಲೆ ನನ್ನನ್ನು ಕರೆದು ಆ ಪಟ್ಟಿ ಎಲ್ಲಿ ಎಂದು ಕೇಳಿದರು. ಪ್ರೋಗ್ರಾಂಡೇಟಾದಲ್ಲಿ ಹುಡುಕಿಸಿದೆ, ಹೊಸ ಸಾಲು ಇಲ್ಲ. ಇನ್‌ಸ್ಟಾಲ್ ಮಾಡದೆ ಓಡಿಸಿದಾಗ ಅದು ಬಳಕೆದಾರರ ಆಪ್‌ಡೇಟಾ ಫೋಲ್ಡರ್‌ನ ರೋಮಿಂಗ್ ಒಳಗೆ ಬರೆಯುತ್ತದೆ, ಅದು ತಡವಾಗಿ ನೆನಪಾಯಿತು. ಅಲ್ಲಿ ಸಿಕ್ಕಿತು.

ಮಾಮ ಓದಿದರು: "ಇನ್‌ಕಮಿಂಗ್, ಯೂಸರ್, ಐದು ಐವತ್ತೆಂಟು." ಒಂದು ಕ್ಷಣ ಸುಮ್ಮನಾದರು. ಲೆಕ್ಕ ಮಾಡುತ್ತಿದ್ದರು. "ಹನ್ನೊಂದು ಇಪ್ಪತ್ತೆಂಟು. ಸರಿಯಾಗಿದೆ ಕಣೋ." ಚೀಟಿ ಪುಸ್ತಕದಲ್ಲಿ ಆ ದಿನದ ಕೊಬ್ಬರಿ ತೂಕದ ಕೆಳಗೆ ಸಮಯ, ಹುಡುಗನ ಹೆಸರು, ಮಾಡಿದ ಕೆಲಸ ಮೂರನ್ನೂ ಬರೆದಿಟ್ಟಿದ್ದಾರೆ.